ಎರಡನೆಯ ಗೆಲುವಿನ ಲೆಕ್ಕ

ಸತ್ಯಮಂಗಲದ ಬಯಲನ್ನು ಬಿಟ್ಟು, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡನ್ನು ದಾಟಿ ಬಂದವನ ಕಣ್ಣಿಗೆ ಬೀಳುವ ತಾಳವಾಡಿಯ ಸೀಮೆಯು ಆಡಳಿತದ ದೃಷ್ಟಿಯಿಂದ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದುದಾದರೂ, ಮನೆಮಾತಿನ ದೃಷ್ಟಿಯಿಂದ ಬಹುಮಟ್ಟಿಗೆ ಚಾಮರಾಜನಗರದ ನೆಲವೇ ದಕ್ಷಿಣಕ್ಕೆ ಚಾಚಿಕೊಂಡಂತಿದೆ. ಭಾಷಾವಾರು ಪ್ರಾಂತಗಳ ರಚನೆಯಾದ 1956ರಲ್ಲಿ, ಅದುವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಕೊಳ್ಳೇಗಾಲವು ಮೈಸೂರಿಗೆ ಬಂದಿತು. ತಾಳವಾಡಿಯು ಮದರಾಸಿನೊಡನೆಯೇ ಉಳಿಯಿತು. ಕನ್ನಡ ಚಿತ್ರರಂಗದ ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲಿಯೇ. ಇಂಥ ಎಡೆಯಲ್ಲಿ ಕರ್ನಾಟಕಕ್ಕೂ ತಮಿಳುನಾಡಿಗೂ ನಡೆಯುವ ಕ್ರಿಕೆಟ್ ಪಂದ್ಯವು ಎರಡು ದೂರದ ಪಾಳೆಯಗಳ ಕಾಳಗವಾಗಿ ತೋರದೆ, ಒಂದೇ ಮನೆಯ ಜಗಲಿಯ ಮೇಲಿನ ವ್ಯಾಜ್ಯವಾಗಿ ತೋರುವುದು ಸಹಜ. ಮನೆಯೊಳಗೆ ಕನ್ನಡವಾಡುವ ಹುಡುಗನು ಗೋಬಿಯ ಅಥವಾ ಸತ್ಯಮಂಗಲದ ಕಾಲೇಜಿನಲ್ಲಿ ಓದುವವನಾದರೆ, ಅವನ ಗೆಳೆಯರೆಲ್ಲ ಯಾರ ಪಕ್ಷವೆಂಬುದನ್ನು ಹೇಳಬೇಕಾದುದಿಲ್ಲ.

ಇಂತಹ ಪಂದ್ಯವು ಒಂದೇ ಋತುವಿನಲ್ಲಿ ಎರಡನೆಯ ಸಲ ಒದಗಿತೆಂದರೆ, ಚಹದಂಗಡಿಯ ಬೆಂಚಿನ ಮೇಲೆ ಹೊರಡುವ ಮಾತು ಯಾವಾಗಲೂ ಒಂದೇ. "ಹೋದ್ಸಲ ಸೋತವ್ರ ಕನಣ್ಣ, ಈ ಸತಿ ಬುಡದಿಲ್ಲ" ಎಂದು ಒಬ್ಬನು ನುಡಿದರೆ, ಮಿಕ್ಕವರು ತಲೆದೂಗುತ್ತಾರೆ. ಒಮ್ಮೆ ಸೋಲಿಸಿದ ಎದುರಾಳಿಯನ್ನು ಅದೇ ವರ್ಷ ಮತ್ತೊಮ್ಮೆ ಸೋಲಿಸುವುದು ದುಸ್ಸಾಧ್ಯವೆಂಬ ಈ ನಂಬಿಕೆಯು ನಮ್ಮ ಗಡಿನಾಡಿನದು ಮಾತ್ರವಲ್ಲ. ಅಮೆರಿಕದ ಕಾಲೇಜುಗಳು ಆಡುವ, ಮೊಟ್ಟೆಯಾಕಾರದ ಚೆಂಡಿನ ಫುಟ್‌ಬಾಲಿನಲ್ಲಿಯೂ ತರಬೇತುದಾರರು ಇದನ್ನು ಪ್ರತಿವರ್ಷವೂ ಗಂಭೀರವಾಗಿ ಹೇಳುತ್ತಾರೆ, ಪತ್ರಿಕೆಗಳು ಅಷ್ಟೇ ಗಂಭೀರವಾಗಿ ಅಚ್ಚು ಮಾಡುತ್ತವೆ. ಸಮುದ್ರದ ಆಚೆಗೂ ಈಚೆಗೂ ಜನರು ಹೀಗೆ ಏಕಕಂಠರಾಗಿ ಆಡುವ ಮಾತಿನಲ್ಲಿ ಸತ್ಯವೆಷ್ಟು, ಕೇವಲ ಸಮಾಧಾನವೆಷ್ಟು ಎಂದು ಪರಾಮರ್ಶಿಸಿ ನೋಡುವುದು ಅನುಚಿತವಾಗಲಾರದು.

2019ರ ಋತುವು ಈ ಪರಾಮರ್ಶೆಗೆಂದೇ ಯಾರೋ ಏರ್ಪಡಿಸಿದಂತಿತ್ತು. ಆ ವರ್ಷದ ಅಕ್ಟೋಬರ್ 25ರಂದು ಬೆಂಗಳೂರಿನಲ್ಲಿ ನಡೆದ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯದಲ್ಲಿ ತಮಿಳುನಾಡು 252 ರನ್ನಿಗೆ ಔಟಾಯಿತು. ಅಂದೇ ತಮ್ಮ ಮೂವತ್ತನೆಯ ಹುಟ್ಟುಹಬ್ಬವನ್ನು ಆಚರಿಸಿಕೊಳ್ಳುತ್ತಿದ್ದ ಅಭಿಮನ್ಯು ಮಿಥುನ್ ಕೊನೆಯ ಓವರಿನಲ್ಲಿ ಸತತವಾಗಿ ಮೂರು ವಿಕೆಟುಗಳನ್ನು ಕಿತ್ತರು. ಕರ್ನಾಟಕವು ಒಂದು ವಿಕೆಟ್ ನಷ್ಟಕ್ಕೆ 146 ರನ್ನು ಮಾಡಿದ್ದಾಗ ಮಳೆ ಬಂದು ಆಟವು ನಿಂತುಹೋಗಲು, ತ್ರಿಶ್ಶೂರಿನ ಎಂಜಿನಿಯರ್ ಜಯದೇವನ್ ಅವರು ರೂಪಿಸಿದ ಲೆಕ್ಕಾಚಾರದ ವಿಧಾನದಂತೆ 60 ರನ್ನುಗಳ ಜಯವು ಕರ್ನಾಟಕಕ್ಕೆ ಸಂದಿತು. ಆ ಮೇಲೆ ಡಿಸೆಂಬರ್ 1ರಂದು, ಸೂರತ್ತಿನಲ್ಲಿ, ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಅಂತಿಮ ಪಂದ್ಯ. ಈ ಸಲ ಇಪ್ಪತ್ತು ಓವರುಗಳ ಆಟ. ಎದುರಾಳಿ ಅದೇ ತಮಿಳುನಾಡು. ಕರ್ನಾಟಕದ 180 ರನ್ನನ್ನು ಬೆನ್ನಟ್ಟಿದ ತಮಿಳುನಾಡಿಗೆ ಕಡೆಯ ಓವರಿನಲ್ಲಿ 13 ರನ್ನು ಬೇಕಾಗಿದ್ದಿತು. ಕೃಷ್ಣಪ್ಪ ಗೌತಮ್ ಎಸೆದ ಮೊದಲ ಎರಡು ಚೆಂಡುಗಳನ್ನೂ ರವಿಚಂದ್ರನ್ ಅಶ್ವಿನ್ ಬೌಂಡರಿಗೆ ಅಟ್ಟಿದಾಗ, ಚಹದಂಗಡಿಯ ಭವಿಷ್ಯವಾಣಿಯು ಅಕ್ಷರಶಃ ನಿಜವಾಗುವಂತೆ ಕಂಡಿತು. ಆಗಲಿಲ್ಲ. ತಮಿಳುನಾಡು 179ರಲ್ಲಿ ನಿಂತಿತು. ಒಂದೇ ಒಂದು ರನ್ನಿನ ಅಂತರ.

ಅದಾದ ಮೇಲೆ ಎಂಟು ದಿನಗಳೊಳಗೆ ಇವೇ ಎರಡು ತಂಡಗಳು ರಣಜಿ ಟ್ರೋಫಿಯ ನಾಲ್ಕು ದಿನಗಳ ಪಂದ್ಯಕ್ಕಾಗಿ ದಿಂಡಿಗಲ್ಲಿನಲ್ಲಿ, ಎಂದರೆ ತಮಿಳುನಾಡಿನ ಸ್ವಂತ ಅಂಗಳದಲ್ಲಿ, ಮತ್ತೆ ಮುಖಾಮುಖಿಯಾದವು. ಕರ್ನಾಟಕವು 336 ಮತ್ತು 151, ತಮಿಳುನಾಡು 307 ಮತ್ತು 154. ಗೆಲುವಿನ ಅಂತರ 26 ರನ್ನು. ಸೂರತ್ತಿನಲ್ಲಿ ಎರಡು ಬೌಂಡರಿಗಳನ್ನು ಹೊಡೆಸಿಕೊಂಡ ಅದೇ ಗೌತಮ್ ಇಲ್ಲಿ ಎರಡೂ ಇನಿಂಗ್ಸುಗಳಿಂದ 14 ವಿಕೆಟುಗಳನ್ನು ಪಡೆದರು. ಹೀಗೆ ಏಳು ವಾರಗಳ ಅವಧಿಯಲ್ಲಿ, ಐವತ್ತು ಓವರು, ಇಪ್ಪತ್ತು ಓವರು, ನಾಲ್ಕು ದಿನ ಎಂಬ ಮೂರು ಬೇರೆ ಬೇರೆ ಬಗೆಯ ಆಟಗಳಲ್ಲಿ, ಮೂರು ಬೇರೆ ಬೇರೆ ರಾಜ್ಯಗಳ ನೆಲದ ಮೇಲೆ, ಒಂದೇ ಎದುರಾಳಿಯನ್ನು ಕರ್ನಾಟಕವು ಮೂರು ಸಲ ಸೋಲಿಸಿತು.

ಇಷ್ಟರಿಂದಲೇ ನಂಬಿಕೆಯು ಸುಳ್ಳೆಂದು ತೀರ್ಮಾನಿಸಿಬಿಡುವುದು ಆತುರವಾದೀತು. ಏಕೆಂದರೆ ಆ ಮೂರರಲ್ಲಿ ಮಧ್ಯದ್ದು ಒಂದು ಹೊಡೆತದಿಂದ ತಲೆಕೆಳಗಾಗಬಹುದಾಗಿದ್ದಿತು, ಮೂರನೆಯದೂ ಸುಲಭದ್ದಾಗಿರಲಿಲ್ಲ. ಈ ವಿಷಯದಲ್ಲಿ ನಾವು ಮೊದಲು ಬಿಡಿಸಿಕೊಳ್ಳಬೇಕಾದುದು ಒಂದು ಗಣಿತದ ಗೋಜಲನ್ನು. ಒಂದು ತಂಡವು ಇನ್ನೊಂದಕ್ಕಿಂತ ಬಲಿಷ್ಠವಾಗಿದ್ದು, ಹತ್ತು ಪಂದ್ಯಗಳಾಡಿದರೆ ಆರನ್ನು ಗೆಲ್ಲತಕ್ಕಷ್ಟು ಸಾಮರ್ಥ್ಯವುಳ್ಳದ್ದೆಂದು ಭಾವಿಸೋಣ. ಡ್ರಾ ಎಂಬುದನ್ನು ಸದ್ಯಕ್ಕೆ ಮರೆತುಬಿಡೋಣ. ಋತುವು ಆರಂಭವಾಗುವ ಮುನ್ನ, ಈ ತಂಡವು ಎರಡು ಪಂದ್ಯಗಳನ್ನೂ ಗೆಲ್ಲುವ ಸಂಭವವೆಷ್ಟೆಂದು ಕೇಳಿದರೆ ಉತ್ತರ ನೂರಕ್ಕೆ 36. ಒಂದೊಂದು ಪಂದ್ಯ ಒಬ್ಬೊಬ್ಬರ ಪಾಲಾಗುವ ಸಂಭವ 48. ದುರ್ಬಲ ತಂಡವೇ ಎರಡನ್ನೂ ಕಸಿದುಕೊಳ್ಳುವ ಸಂಭವ 16. ಎರಡು ಸಲ ಗೆಲ್ಲುವುದು ವಿರಳವೆಂಬ ಮಾತು ಈ ಅರ್ಥದಲ್ಲಿ ನಿಜ, ನಿರ್ವಿವಾದವಾಗಿ ನಿಜ. ಆದರೆ ಚಹದಂಗಡಿಯವನು ಈ ಮಾತನ್ನು ಆಡುತ್ತಿರುವುದು ಋತುವಿನ ಆರಂಭದಲ್ಲಲ್ಲ; ಮೊದಲನೆಯ ಗೆಲುವು ಕೈಸೇರಿದ ಮೇಲೆ. ಆಗ ಉಳಿದಿರುವುದು ಒಂದೇ ಪಂದ್ಯ. ಅದನ್ನು ಗೆಲ್ಲುವ ಸಂಭವ ಮೊದಲಿನಂತೆಯೇ ನೂರಕ್ಕೆ 60. ಗೆದ್ದು ಮುಗಿದ ಪಂದ್ಯದ ಶ್ರಮವನ್ನು ಮುಂದಿನ ಪಂದ್ಯದ ಖಾತೆಗೂ ಬರೆದುಕೊಳ್ಳುವ ಈ ಲೆಕ್ಕದ ತಪ್ಪನ್ನು ಯಾವ ಶಾನುಭೋಗನೂ ಒಪ್ಪಲಾರನು.

ಅಷ್ಟೇ ಅಲ್ಲ. ಯಾರು ಬಲಿಷ್ಠರೆಂಬುದು ನಮಗೆ ಮೊದಲೇ ತಿಳಿದಿರುವುದಿಲ್ಲವಷ್ಟೆ. ಮೊದಲ ಪಂದ್ಯದ ಫಲಿತಾಂಶವೇ ಅದಕ್ಕೆ ಸ್ವಲ್ಪಮಟ್ಟಿನ ಸಾಕ್ಷ್ಯ. ಆದುದರಿಂದ ಬೇರಾವ ಆಧಾರವೂ ಇಲ್ಲದೆ ಪಂತ ಕಟ್ಟಬೇಕಾಗಿ ಬಂದವನು, ಹಿಂದೆ ಸೋತವರ ಮೇಲೆ ಕಟ್ಟುವುದಕ್ಕಿಂತ ಗೆದ್ದವರ ಮೇಲೆ ಕಟ್ಟುವುದೇ ವಿವೇಕ. ಸಾಕ್ಷ್ಯವು ದುರ್ಬಲವಾಗಿರಬಹುದು, ಆದರೆ ಅದು ವಿರುದ್ಧ ದಿಕ್ಕನ್ನಂತೂ ತೋರಿಸುತ್ತಿಲ್ಲ.

ನಮ್ಮ ಪುರಾಣಪ್ರಪಂಚದಲ್ಲಿ ಒಂದೇ ಎದುರಾಳಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಸೋಲಿಸಿದ ಪ್ರಸಿದ್ಧ ಆಟಗಾರನು ಶಕುನಿ. ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು, ಧೃತರಾಷ್ಟ್ರನ ವರದಿಂದ ಅದನ್ನು ಮರಳಿ ಪಡೆದ ಧರ್ಮರಾಯನು, ಅನುದ್ಯೂತಕ್ಕೆ ಕರೆ ಬಂದೊಡನೆ ಹಿಂದಿರುಗಿ ಬಂದು ಮತ್ತೆ ಸೋತನು. ಗಮಕಿಗಳು ಈ ಭಾಗವನ್ನು ಓದುವಾಗ, ಎರಡನೆಯ ಸಲವಾದರೂ ಧರ್ಮರಾಯನು ಗೆದ್ದಾನೆಂದು ನಿರೀಕ್ಷಿಸುವ ಕೇಳುಗನು ಒಬ್ಬನೂ ಇರಲಾರನು. ಏಕೆ? ಆ ದಾಳಗಳಲ್ಲಿ ಅದೃಷ್ಟಕ್ಕೆ ಎಡೆಯೇ ಇರಲಿಲ್ಲ. ಅದೃಷ್ಟಕ್ಕೆ ಎಡೆಯಿಲ್ಲದ ಕಡೆ ಎರಡನೆಯ ಗೆಲುವು ಮೊದಲನೆಯದರಷ್ಟೇ ಸಲೀಸು. ಹಾಗಾದರೆ ನಿಜವಾದ ಪ್ರಶ್ನೆಯು ಗೆಲುವಿನ ಕ್ರಮಸಂಖ್ಯೆಯನ್ನು ಕುರಿತದ್ದಲ್ಲ. ಆಟದೊಳಗೆ ಅದೃಷ್ಟಕ್ಕೆ ಎಷ್ಟು ಜಾಗವಿದೆ ಎಂಬುದನ್ನು ಕುರಿತದ್ದು.

ಕಾಲ್ಚೆಂಡಿನಾಟದಲ್ಲಿ ಆ ಜಾಗವು ಬಹಳ ವಿಶಾಲವಾಗಿದೆ. ಇಡೀ ತೊಂಬತ್ತು ನಿಮಿಷಗಳಲ್ಲಿ ಎರಡೋ ಮೂರೋ ಗೋಲುಗಳಾಗುವ ಆಟದಲ್ಲಿ ಒಂದು ಕಾರ್ನರ್, ಒಂದು ಜಾರಿದ ಹೆಜ್ಜೆ, ಋತುವಿಡೀ ನಡೆಸಿದ ಪಾರಮ್ಯವನ್ನು ಅಳಿಸಿಹಾಕಬಲ್ಲದು. 2017–18ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು ಎಫ್‌ಸಿ 18 ಪಂದ್ಯಗಳಿಂದ 40 ಅಂಕಗಳನ್ನು ಪಡೆದು ಅಗ್ರಸ್ಥಾನದಲ್ಲಿದ್ದಿತು. ಎರಡನೆಯ ಸ್ಥಾನದ ಚೆನ್ನೈಯಿನ್ ಎಫ್‌ಸಿಗೂ ಅದಕ್ಕೂ 8 ಅಂಕಗಳ ಅಂತರ. ಡಿಸೆಂಬರಿನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈನವರು 2–1ರಿಂದ ಗೆದ್ದರು. ಫೆಬ್ರವರಿಯಲ್ಲಿ ಚೆನ್ನೈಗೆ ಹೋದ ಬೆಂಗಳೂರಿನವರು 3–1ರಿಂದ ತೀರಿಸಿಕೊಂಡರು. 2018ರ ಮಾರ್ಚ್ 17ರಂದು ಅಂತಿಮ ಪಂದ್ಯ, ಮತ್ತೆ ಅದೇ ಕಂಠೀರವದಲ್ಲಿ. ಸುನಿಲ್ ಛೇತ್ರಿ ಒಂಬತ್ತನೆಯ ನಿಮಿಷಕ್ಕೇ ಗೋಲು ಹೊಡೆದರು. ಆದರೆ ಚೆನ್ನೈಯ ಮೈಲ್ಸನ್ ಆಲ್ವೆಸ್ ಎರಡು ಕಾರ್ನರುಗಳಿಗೆ ಎರಡು ಸಲ ತಲೆಯೊಡ್ಡಿ ಎರಡು ಗೋಲು ಗಳಿಸಿದರು. ಫಲಿತಾಂಶ 3–2, ಪ್ರಶಸ್ತಿ ಚೆನ್ನೈಗೆ. ಅಲ್ಲಿಗೆ ಚೆನ್ನೈನವರು ಬೆಂಗಳೂರನ್ನು ಒಂದೇ ಋತುವಿನಲ್ಲಿ ಎರಡು ಸಲ, ಅದೂ ಅವರ ಅಂಗಳದಲ್ಲಿಯೇ ಸೋಲಿಸಿದಂತಾಯಿತು. ಮೂರು ಪಂದ್ಯಗಳಲ್ಲಿ ಒಮ್ಮೆಯೂ ಆತಿಥೇಯರು ಗೆಲ್ಲಲಿಲ್ಲ. ಸ್ವಂತ ಅಂಗಳದ ಬಲವೆಂಬ ಇನ್ನೊಂದು ಪ್ರಸಿದ್ಧ ಸೂತ್ರವನ್ನು ನೆಚ್ಚಿದವರಿಗೂ ಅಂದು ಉಪವಾಸವೇ ಗತಿಯಾಯಿತು.

ಮರುವರ್ಷ ಅದೇ ಬೆಂಗಳೂರು ಗೋವಾ ತಂಡವನ್ನು ಲೀಗಿನ ಎರಡು ಪಂದ್ಯಗಳಲ್ಲಿಯೂ ಸೋಲಿಸಿ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಅಂತಿಮ ಪಂದ್ಯಕ್ಕೆ ಅದೇ ಗೋವಾದ ಎದುರು ನಿಂತಿತು. ಹೆಚ್ಚುವರಿ ಅವಧಿಯವರೆಗೆ ಗೋಲೇ ಆಗಲಿಲ್ಲ. ಕಡೆಗೆ ರಾಹುಲ್ ಭೇಕೆಯ ತಲೆಗೆ ತಾಗಿದ ಚೆಂಡು ಒಳಕ್ಕೆ ಹೋಯಿತು. ಮೂರನೆಯ ಗೆಲುವು, 1–0.

ಗಣಿತವು ಮುಗಿದರೂ ಮನುಷ್ಯಸ್ವಭಾವವು ಉಳಿಯುತ್ತದೆ. ಸೋತವನು ಕಲಿಯುತ್ತಾನೆ, ಗೆದ್ದವನು ಮಲಗುತ್ತಾನೆ ಎಂಬುದು ನಮ್ಮ ನಂಬಿಕೆಯ ಎರಡನೆಯ ಆಧಾರಸ್ತಂಭ. ಇದರಲ್ಲಿ ಅರ್ಧ ಸತ್ಯವಿದೆ. ತಾಳವಾಡಿಯ ರೈತರ ಜೋಳ, ಕಬ್ಬು, ಬಾಳೆಗಳನ್ನು ಮೇಯಲು ಬರುತ್ತಿದ್ದ ಕರುಪ್ಪನ್ ಎಂಬ ಕಾಡಾನೆಯ ವೃತ್ತಾಂತವು ಈ ಭಾಗದವರಿಗೆ ಚೆನ್ನಾಗಿ ನೆನಪಿರುತ್ತದೆ. 2023ರ ಆದಿಯಲ್ಲಿ ಅರಣ್ಯ ಇಲಾಖೆಯವರು ಕುಮ್ಕಿ ಆನೆಗಳನ್ನು ತರಿಸಿ, ಅರಿವಳಿಕೆಯ ಮದ್ದನ್ನು ಹಾರಿಸಿ, ಅದನ್ನು ಹಿಡಿಯಲು ಪ್ರಯತ್ನಿಸಿದರು, ಆನೆ ತಪ್ಪಿಸಿಕೊಂಡಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ತಪ್ಪಿಸಿಕೊಂಡಿತು. ಆನೆಯು ಮನುಷ್ಯರ ತಂತ್ರವನ್ನು ಕಲಿತಿತೆಂದು ಜನರು ಕಥೆ ಕಟ್ಟಲು ಇಷ್ಟು ಸಾಕಾಗಿದ್ದಿತು. ಆದರೆ ಕಲಿಯುತ್ತಿದ್ದುದು ಆನೆಯೊಂದೇ ಅಲ್ಲ, ಇಲಾಖೆಯವರೂ ಕಲಿಯುತ್ತಿದ್ದರು. ಏಪ್ರಿಲಿನಲ್ಲಿ ಕರುಪ್ಪನ್ ಸೆರೆಸಿಕ್ಕಿತು. ಆಟದಲ್ಲಿಯೂ ಇಷ್ಟೆ. ಮೊದಲ ಪಂದ್ಯದ ಚಿತ್ರಣವನ್ನು ಸೋತ ತಂಡದ ತರಬೇತುದಾರನು ಎಷ್ಟು ಸಲ ನೋಡುತ್ತಾನೆಯೋ, ಗೆದ್ದ ತಂಡದವನೂ ಅಷ್ಟೇ ಸಲ ನೋಡುತ್ತಾನೆ. ಬದಲಾವಣೆಯ ಅಗತ್ಯವು ಸೋತವನಿಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂಬುದನ್ನು ನಾನು ಒಪ್ಪುತ್ತೇನೆ. ಗೆದ್ದವನು ಮಲಗಿಯೇ ಬಿಡುತ್ತಾನೆಂಬುದನ್ನು ಒಪ್ಪಲಾರೆ. ಸೋತ ಮೇಲೆ ಹುಡುಕಿ ಹಚ್ಚುವ ಕಾರಣಗಳಲ್ಲಿ ಮೈಮರೆವೆಂಬುದು ಅತ್ಯಂತ ಅಗ್ಗದ್ದು.

ಇನ್ನು ಅಮೆರಿಕದ ಕಾಲೇಜುಗಳ ಮಾತು. ಅಲ್ಲಿ ಒಂದು ತಂಡವು ಒಂದು ಋತುವಿನಲ್ಲಿ ಕ್ರಮವಾಗಿ ಆಡುವುದು ಹನ್ನೆರಡು ಪಂದ್ಯಗಳನ್ನು ಮಾತ್ರ. ವಿಶ್ವವಿದ್ಯಾಲಯಗಳ ಸಂಖ್ಯೆಯೋ ನೂರನ್ನು ಮೀರಿದ್ದು. ಆದ್ದರಿಂದ ಒಂದೇ ಎದುರಾಳಿ ಮರುವರ್ಷದವರೆಗೆ ಮತ್ತೆ ಸಿಕ್ಕದಿರುವುದೇ ವಾಡಿಕೆ. ಸಿಕ್ಕುವುದಾದರೆ ತಮ್ಮ ಒಕ್ಕೂಟದ ಅಂತಿಮ ಪಂದ್ಯದಲ್ಲಿ, ಇಲ್ಲವೆ ರಾಷ್ಟ್ರೀಯ ಪ್ರಶಸ್ತಿಯ ಹಾದಿಯಲ್ಲಿ. 2011ರ ನವೆಂಬರ್ 5ರಂದು ಲೂಸಿಯಾನಾ ಸ್ಟೇಟ್ ತಂಡವು ಅಲಬಾಮಾ ತಂಡವನ್ನು ಅದರ ಸ್ವಂತ ಅಂಗಳದಲ್ಲಿ, ಹೆಚ್ಚುವರಿ ಅವಧಿಯಲ್ಲಿ, 9–6ರಿಂದ ಸೋಲಿಸಿತು. 2012ರ ಜನವರಿ 9ರಂದು ರಾಷ್ಟ್ರೀಯ ಪ್ರಶಸ್ತಿಗಾಗಿ ಇವೇ ಎರಡು ತಂಡಗಳು ನ್ಯೂ ಆರ್ಲಿಯನ್ಸಿನಲ್ಲಿ ಎದುರಾದಾಗ ಅಲಬಾಮಾ 21–0ರಿಂದ ಗೆದ್ದಿತು. ಎರಡನೆಯ ಗೆಲುವಿನ ಕಷ್ಟಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ ಎಂದು ಕೇಳುವವರು, ಮೊದಲ ಪಂದ್ಯದಲ್ಲಿ ಅಲಬಾಮಾದವರು ಚೆಂಡನ್ನು ಕಂಬಗಳ ನಡುವೆ ಒದೆಯಲು ಮಾಡಿದ ಆರು ಪ್ರಯತ್ನಗಳಲ್ಲಿ ನಾಲ್ಕು ವಿಫಲವಾಗಿದ್ದುವೆಂಬುದನ್ನು ಗಮನಿಸಬೇಕು. ಆ ನಾಲ್ಕರಲ್ಲಿ ಎರಡು ನೆಟ್ಟಗೆ ಹೋಗಿದ್ದರೂ ಮೊದಲ ಪಂದ್ಯದ ಕಥೆಯೇ ಬೇರೆಯಾಗುತ್ತಿತ್ತು. ಆಗ ಎರಡನೆಯದನ್ನು ಯಾರೂ ಆಶ್ಚರ್ಯವೆನ್ನುತ್ತಿರಲಿಲ್ಲ. ಮೊದಲ ಸಲ ಅದೃಷ್ಟವು ನೀಡಿದ ಸಾಲವು ಎರಡನೆಯ ಸಲವೂ ದೊರೆಯುವುದೆಂಬ ಭರವಸೆಯಿಲ್ಲ. ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿದ್ವಾಂಸನು 1886ರಲ್ಲಿ ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ತೋರಿಸಿದ ನಿಯಮವು ಇದೇ: ಅಸಾಧಾರಣವಾದುದರ ಬೆನ್ನಿಗೆ ಬರುವುದು ಸಾಮಾನ್ಯಕ್ಕೆ ಸ್ವಲ್ಪ ಹತ್ತಿರವಾಗಿರುತ್ತದೆ. ಭಾರಿ ಅಂತರದಿಂದ ಗೆದ್ದ ತಂಡದ ಮುಂದಿನ ಗೆಲುವು ಸಣ್ಣದಾಗಿದ್ದರೆ, ಎದುರಾಳಿಯು ಸೇಡಿನ ಕಿಡಿಯನ್ನು ಎದೆಯಲ್ಲಿಟ್ಟುಕೊಂಡಿತ್ತೆಂದು ಊಹಿಸಬೇಕಾದ ಅಗತ್ಯವೇನೂ ಇಲ್ಲ.

ಅಲ್ಲಿಯೇ ವಿರುದ್ಧವಾದ ನಿದರ್ಶನವೂ ಉಂಟು. 2024ರ ಅಕ್ಟೋಬರಿನಲ್ಲಿ ಜಾರ್ಜಿಯಾ ತಂಡವು ಟೆಕ್ಸಸ್ ತಂಡವನ್ನು 30–15ರಿಂದಲೂ, ಡಿಸೆಂಬರಿನಲ್ಲಿ ಒಕ್ಕೂಟದ ಅಂತಿಮ ಪಂದ್ಯದಲ್ಲಿ ಹೆಚ್ಚುವರಿ ಅವಧಿಯಲ್ಲಿ 22–19ರಿಂದಲೂ ಸೋಲಿಸಿತು. ಅಂತರವು ಹದಿನೈದರಿಂದ ಮೂರಕ್ಕೆ ಇಳಿಯಿತು. ಗೆಲುವು ಗೆಲುವಾಗಿಯೇ ಉಳಿಯಿತು.

ಮರುಭೇಟಿಗಳ ಈ ಕಥೆಗಳಲ್ಲೆಲ್ಲ ಸಾಮಾನ್ಯವಾಗಿ ಕಣ್ತಪ್ಪಿಹೋಗುವ ಸಂಗತಿಯೊಂದಿದೆ. ಋತುವಿನ ಕೊನೆಯ ಭಾಗದಲ್ಲಿ ನಮಗೆ ಎರಡನೆಯ ಸಲ ಎದುರಾಗುವವರು ಯಾರು? ಮಿಕ್ಕವರೆಲ್ಲರನ್ನೂ ಸೋಲಿಸಿ ಅಲ್ಲಿಯವರೆಗೆ ಬಂದವರು. ಮೊದಲ ಸುತ್ತಿನಲ್ಲಿ ನಾವು ಸೋಲಿಸಿದ ದುರ್ಬಲರು ಅಷ್ಟುಹೊತ್ತಿಗೆ ಮನೆ ಸೇರಿರುತ್ತಾರೆ. ಅವರನ್ನು ಮತ್ತೊಮ್ಮೆ ಸೋಲಿಸುವ ಅವಕಾಶವೇ ನಮಗೆ ಬರುವುದಿಲ್ಲ. ಬಂದಿದ್ದರೆ ಆ ಗೆಲುವುಗಳೂ ಲೆಕ್ಕಕ್ಕೆ ಸೇರಿ ನಮ್ಮ ನಂಬಿಕೆಯು ಬಹುಮಟ್ಟಿಗೆ ಸಡಿಲವಾಗುತ್ತಿತ್ತು. ಪ್ರಬಲವಾದ ತಂಡವನ್ನು ಎರಡು ಸಲ ಸೋಲಿಸುವುದು ಕಷ್ಟವೆಂದು ತರಬೇತುದಾರರು ಹೇಳುವಾಗ, ಪ್ರಬಲವಾದ ತಂಡವನ್ನು ಒಂದು ಸಲ ಸೋಲಿಸುವುದೂ ಕಷ್ಟವೇ ಎಂಬುದನ್ನು ಯಾರೂ ಎದ್ದು ನಿಂತು ಜ್ಞಾಪಿಸುವುದಿಲ್ಲ.

ಕರ್ನಾಟಕ–ತಮಿಳುನಾಡುಗಳ ವಿಷಯದಲ್ಲಿ ಚಹದಂಗಡಿಯ ವಾದಕ್ಕೆ ಅನುಕೂಲವಾದ ಋತುವೂ ಒಂದು ಇದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. 2021ರ ನವೆಂಬರ್ 22ರಂದು ದೆಹಲಿಯಲ್ಲಿ ನಡೆದ ಇಪ್ಪತ್ತು ಓವರುಗಳ ಅಂತಿಮ ಪಂದ್ಯದಲ್ಲಿ ತಮಿಳುನಾಡಿಗೆ ಕೊನೆಯ ಚೆಂಡಿನಲ್ಲಿ ಐದು ರನ್ನು ಬೇಕಾಗಿದ್ದಾಗ, ಶಾರುಖ್ ಖಾನ್ (ಚಿತ್ರನಟರಲ್ಲ, ಚೆನ್ನೈಯ ಆಟಗಾರ) ಸಿಕ್ಸರ್ ಹೊಡೆದು ಪ್ರಶಸ್ತಿಯನ್ನು ಕಿತ್ತುಕೊಂಡರು. ಕೆಲವೇ ದಿನಗಳಲ್ಲಿ ವಿಜಯ್ ಹಜಾರೆ ಟ್ರೋಫಿಯ ಲೀಗ್ ಹಂತದಲ್ಲಿ ಕರ್ನಾಟಕವು ತಮಿಳುನಾಡನ್ನು ಸೋಲಿಸಿತು. ಡಿಸೆಂಬರ್ 21ರಂದು ಜೈಪುರದಲ್ಲಿ, ಅದೇ ಟ್ರೋಫಿಯ ಕ್ವಾರ್ಟರ್‌ಫೈನಲ್ಲಿನಲ್ಲಿ, ತಮಿಳುನಾಡು 354 ರನ್ನುಗಳನ್ನು ಪೇರಿಸಿ 151 ರನ್ನುಗಳಿಂದ ಗೆದ್ದಿತು. ಒಂದು ತಿಂಗಳೊಳಗೆ ಮೂರು ಪಂದ್ಯಗಳು. ಪ್ರತಿಯೊಂದರಲ್ಲಿಯೂ ಹಿಂದಿನ ಸಲ ಸೋತವರಿಗೇ ಗೆಲುವು. ಕರ್ನಾಟಕದ ಅಭಿಮಾನಿಗೆ ಈ ಋತು ಎಷ್ಟು ಆಳವಾಗಿ ನೆಟ್ಟಿರುತ್ತದೆಯೋ, 2019ರ ಮೂರು ಗೆಲುವುಗಳು ಅಷ್ಟು ಆಳವಾಗಿ ನೆಟ್ಟಿರುವುದಿಲ್ಲ. ನಿರೀಕ್ಷಿಸಿದಂತೆ ನಡೆದುದನ್ನು ಮನಸ್ಸು ಮಡಿಸಿ ಮೂಲೆಗಿಡುತ್ತದೆ. ತಿರುವುಮುರುವಾದುದನ್ನು ಮಾತ್ರ ಜಗಲಿಗೆ ತಂದು ಹರಡುತ್ತದೆ. ನಂಬಿಕೆಯ ದೀರ್ಘಾಯುಷ್ಯಕ್ಕೆ ಇದು ಗಣಿತದ ಗೋಜಲಿಗಿಂತಲೂ ಹೆಚ್ಚಿನ ಕಾರಣವೆಂದು ನನಗೆ ತೋರುತ್ತದೆ.

ಎರಡನೆಯ ಗೆಲುವು ಮೊದಲನೆಯದಕ್ಕಿಂತ ಸುಲಭವಾಗಿ ಒದಗಿದ ಪ್ರಸಂಗವನ್ನು ತೋರಿಸೆಂದು ಯಾರಾದರೂ ಹಠ ಹಿಡಿದರೆ, 2014–15ರ ರಣಜಿಯ ಪುಟವನ್ನು ತೆರೆಯಬಹುದು. ಆ ಋತುವಿನ ಲೀಗ್ ಹಂತದಲ್ಲಿ ತಮಿಳುನಾಡನ್ನು ಸೋಲಿಸಿದ್ದ ಕರ್ನಾಟಕವು, 2015ರ ಮಾರ್ಚಿನಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದೇ ತಮಿಳುನಾಡನ್ನು ಒಂದು ಇನಿಂಗ್ಸ್ ಮತ್ತು 217 ರನ್ನುಗಳಿಂದ ಸೋಲಿಸಿ ಸತತವಾಗಿ ಎರಡನೆಯ ವರ್ಷ ಟ್ರೋಫಿಯನ್ನು ತಂದಿತು. ತಮಿಳುನಾಡು 134 ಮತ್ತು 411; ಕರ್ನಾಟಕ 762. ಕರುಣ್ ನಾಯರ್ ಹೊಡೆದ 328 ರನ್ನು, 1946–47ರಲ್ಲಿ ಗುಲ್ ಮೊಹಮ್ಮದ್ ಮಾಡಿದ್ದ 319 ರನ್ನುಗಳ ದಾಖಲೆಯನ್ನು ದಾಟಿ, ರಣಜಿಯ ಅಂತಿಮ ಪಂದ್ಯಗಳಲ್ಲಿಯೇ ಅತ್ಯಧಿಕವೆನಿಸಿಕೊಂಡಿತು. ಇಷ್ಟು ನಿರಾಯಾಸವಾದ ಪಾರಮ್ಯದ ಒಳಗೂ ಒಂದು ಗಳಿಗೆಯಿದ್ದಿತು: 762ರ ಆ ಇನಿಂಗ್ಸಿನಲ್ಲಿ ಕರ್ನಾಟಕವು 84 ರನ್ನು ಮಾಡುವಷ್ಟರಲ್ಲಿ ಐದು ವಿಕೆಟುಗಳನ್ನು ಕಳೆದುಕೊಂಡಿತ್ತು. ಗಾಯಗೊಂಡು ಒಳಗೆ ಹೋಗಿದ್ದ ಕೆ.ಎಲ್. ರಾಹುಲ್ ಮರಳಿ ಬಂದು ಕರುಣ್ ನಾಯರ್ ಜೊತೆ ಆರನೆಯ ವಿಕೆಟ್ಟಿಗೆ 386 ರನ್ನು ಕೂಡಿಸಿದರು. ಅವರಿಬ್ಬರಲ್ಲಿ ಒಬ್ಬರು ಬೇಗನೆ ಔಟಾಗಿದ್ದರೆ, ತಾಳವಾಡಿಯ ಬೆಂಚಿನ ಮೇಲೆ ಕುಳಿತವನು "ನಾನೇಳ್ನಿಲ್ವ ಕನಣ್ಣ" ಎಂದು ಎದೆಯುಬ್ಬಿಸಿ, ಎರಡನೆಯ ಲೋಟ ಚಹವನ್ನು ಎದುರುಪಕ್ಷದವನ ಖರ್ಚಿನಲ್ಲಿ ಕುಡಿಯುತ್ತಿದ್ದನು.